ಜರ್ಮನಿಯ ವಿದ್ಯಾರ್ಥಿ ರೈಲು ಪಾಸು: ಬಳಸಿ ನೋಡಿದವಳ ವಿಮರ್ಶೆ

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಮ್ಮ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆದರೆ ಆರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಕಟ್ಟಬೇಕಾದ ಸೆಮೆಸ್ಟರ್ ಶುಲ್ಕ ಎಂಬುದೊಂದಿದೆ, ಮತ್ತು ಅದರ ದೊಡ್ಡ ಪಾಲು ರೈಲು ಪಾಸಿಗೆ ಹೋಗುತ್ತದೆ ಎಂಬುದು ಇಲ್ಲಿಗೆ ಬಂದು ಸೇರುವವರೆಗೂ ಹಲವರಿಗೆ ತಿಳಿದಿರುವುದಿಲ್ಲ. ಡಾಯ್ಚ್‌ಲಾಂಡ್ ಸೆಮೆಸ್ಟರ್ ಟಿಕೆಟ್ ಎಂದು ಕರೆಯಲಾಗುವ ಈ ಪಾಸನ್ನು ನಾನು ಆಖೆನ್ ನಗರದಲ್ಲಿ ಸ್ನಾತಕೋತ್ತರ ಪದವಿ ಓದಲು ಬಂದ 2024ರ ಚಳಿಗಾಲದ ಸೆಮೆಸ್ಟರ್‌ನಿಂದ ಬಳಸುತ್ತಿದ್ದೇನೆ. ವಿದೇಶದಲ್ಲಿ ಓದುವ ದಿನಗಳಲ್ಲಿ ನನಗೆ ದಕ್ಕಿದ ಸಾಹಸಗಳಲ್ಲಿ ಹೆಚ್ಚಿನವು ಈ ಪಾಸಿನಿಂದಲೇ ಆದವು. ಹಾಗಾಗಿ ಮುಂದೆ ಬರಲಿರುವವರಿಗಾಗಿ ಇದರ ಗುಣದೋಷಗಳನ್ನು ವಿವರವಾಗಿ ಬರೆಯುವುದು ಉಚಿತವೆನಿಸಿತು.

ಮೊದಲು ದರದ ಮಾತು. ಜರ್ಮನಿಯಲ್ಲಿ 2023ರ ಮೇ ತಿಂಗಳಿನಿಂದ ತಿಂಗಳಿಗೆ 49 ಯೂರೊ ಕೊಟ್ಟು ದೇಶದ ಎಲ್ಲ ಸ್ಥಳೀಯ ರೈಲು, ಮೆಟ್ರೊ, ಟ್ರಾಮ್ ಮತ್ತು ಬಸ್ಸುಗಳಲ್ಲಿ ಓಡಾಡುವ ಡಾಯ್ಚ್‌ಲಾಂಡ್ ಟಿಕೆಟ್ ಜಾರಿಗೆ ಬಂದಿತು. ಅದರ ಬೆಲೆಯ ಶೇಕಡಾ 60ಕ್ಕೆ ಅದೇ ಸೌಲಭ್ಯವನ್ನು ವಿದ್ಯಾರ್ಥಿಗಳಿಗೆ ಕೊಡುವ ವ್ಯವಸ್ಥೆ 2024ರ ಬೇಸಿಗೆಯ ಸೆಮೆಸ್ಟರ್‌ನಿಂದ ಆರಂಭವಾಯಿತು. ಆಗಿನ ಲೆಕ್ಕದಲ್ಲಿ ತಿಂಗಳಿಗೆ 29.40 ಯೂರೊ, ಸೆಮೆಸ್ಟರಿಗೆ 176.40 ಯೂರೊ. ಮೂಲ ಟಿಕೆಟ್ಟಿನ ಬೆಲೆ 2025ರ ಜನವರಿಯಲ್ಲಿ 58ಕ್ಕೂ, 2026ರ ಜನವರಿಯಲ್ಲಿ 63 ಯೂರೊಗೂ ಏರಿತು. ವಿದ್ಯಾರ್ಥಿ ದರವೂ ಅದನ್ನೇ ಅನುಸರಿಸುವುದರಿಂದ ಮುಂದೆ ಬರುವವರು ಹಳೆಯ ಅಂಕಿಗಳನ್ನು ನಂಬಿ ಖರ್ಚಿನ ಅಂದಾಜು ಮಾಡಬಾರದು. ಇದರಲ್ಲಿ ಸೇರಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ, ರೈಲು ಹತ್ತಲಿ ಬಿಡಲಿ, ಈ ಹಣವನ್ನು ಕಟ್ಟಲೇಬೇಕು. ಎಲ್ಲರೂ ಕಟ್ಟುವುದರಿಂದಲೇ ಇಷ್ಟು ಅಗ್ಗವಾಗಿ ಕೊಡಲು ಸಾಧ್ಯವಾಗಿದೆ. ಎಲ್ಲ ವಿಶ್ವವಿದ್ಯಾಲಯಗಳೂ ಇದರಲ್ಲಿ ಸೇರಿಲ್ಲವಾದ್ದರಿಂದ ಪ್ರವೇಶ ಪತ್ರ ಕೈಗೆ ಬಂದಾಗಲೇ ಶುಲ್ಕದ ವಿವರವನ್ನು ಓದಿಕೊಳ್ಳುವುದು ಒಳ್ಳೆಯದು.

ಈ ಮೊತ್ತ ದೊಡ್ಡದೋ ಸಣ್ಣದೋ ಎಂಬುದನ್ನು ವಿದ್ಯಾರ್ಥಿಯ ಜೇಬಿನಿಂದಲೇ ಅಳೆಯಬೇಕು. ವೀಸಾಕ್ಕಾಗಿ ನಾವು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ನಿಗದಿತ ಮೊತ್ತವನ್ನು ಮಾತ್ರ ತೆಗೆಯಬಹುದಾದ ಬ್ಯಾಂಕ್ ಖಾತೆಯಲ್ಲಿ, ಇಡಬೇಕಾದ ಹಣ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಆಗಿದೆ. ಅಂದರೆ ತಿಂಗಳಿಗೆ 992 ಯೂರೊ ಮಾತ್ರ ನಮ್ಮ ಕೈಗೆ ಬರುತ್ತದೆ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ ಮತ್ತು ದಿನಸಿಯ ಖರ್ಚು ಕಳೆದ ಮೇಲೆ ಪ್ರವಾಸಕ್ಕೆಂದು ಉಳಿಯುವುದು ಬಹಳ ಕಡಿಮೆ. ನಮ್ಮಲ್ಲಿ ಕೆಎಸ್‌ಆರ್‌ಟಿಸಿಯ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ ಹೋಗಿಬರುವ ದಾರಿಗೆ ಮಾತ್ರ ಸಿಗುತ್ತದೆ. ಆ ದಾರಿ ಬಿಟ್ಟು ಬೇರೆ ಊರಿಗೆ ಹೊರಟರೆ ಆ ಪಾಸು ನಡೆಯುವುದಿಲ್ಲ. ಇಲ್ಲಿನ ಪಾಸು ತರಗತಿಗೆ ಹೋಗುವ ನಗರ ಬಸ್ಸಿನಲ್ಲೂ ನಡೆಯುತ್ತದೆ, ದೇಶದ ಉತ್ತರದ ಕೊನೆಯಲ್ಲಿರುವ ಸಿಲ್ಟ್ ದ್ವೀಪಕ್ಕೆ ಕಡಲಿನ ನಡುವಿನ ಏರಿಯ ಮೇಲೆ ಓಡುವ ರೈಲಿನಲ್ಲೂ ನಡೆಯುತ್ತದೆ.

ಒಂದು ಮಿತಿಯನ್ನು ಮಾತ್ರ ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಐಸಿಇ, ಐಸಿ, ಇಸಿ ಎಂಬ ಹೆಸರಿನ ದೂರದ ವೇಗದ ರೈಲುಗಳಿಗೂ ಖಾಸಗಿಯ ಫ್ಲಿಕ್ಸ್‌ಟ್ರೇನ್‌ಗೂ ಈ ಪಾಸು ಅನ್ವಯಿಸುವುದಿಲ್ಲ. ಆರ್‌ಇ, ಆರ್‌ಬಿ ಮತ್ತು ಎಸ್-ಬಾನ್ ಎಂದು ಗುರುತಿಸಿರುವ ಪ್ರಾದೇಶಿಕ ರೈಲುಗಳಲ್ಲಿ, ಅದೂ ಎರಡನೇ ದರ್ಜೆಯಲ್ಲಿ ಮಾತ್ರ, ಕೂರಬಹುದು. ಪಾಸಿನ ಬಗ್ಗೆ ನಾನು ಕೇಳಿದ ದೂರುಗಳಲ್ಲಿ ಬಹುಪಾಲು ಈ ಮಿತಿಯನ್ನು ಮರೆತವರಿಂದ ಬಂದವು. ವೇಗದ ರೈಲಿನ ಅಗ್ಗದ ಬದಲಿ ಎಂದುಕೊಂಡು ಇದನ್ನು ಬಳಸಿದರೆ ನಿರಾಸೆಯಾಗುವುದು ಖಂಡಿತ. ಒಂದೆರಡು ಗಂಟೆ ಹೆಚ್ಚು ಇಟ್ಟುಕೊಂಡು, ದಾರಿಯನ್ನೂ ಪ್ರವಾಸದ ಭಾಗವೆಂದೇ ತಿಳಿದು ಹೊರಡುವವರಿಗಾಗಿ ಇರುವ ಬೇರೆಯದೇ ಸೇವೆ ಇದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಆಖೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ದಾರಿ. ಫ್ರಾಂಕ್‌ಫರ್ಟ್ ಸುತ್ತಮುತ್ತಲಿನ ಕನ್ನಡಿಗರ ರೈನ್ ಮೈನ್ ಕನ್ನಡ ಸಂಘದ ಚಟುವಟಿಕೆಗಳ ಬಗ್ಗೆ ಕೇಳಿದ್ದ ನಾವು ಕೆಲವು ಗೆಳತಿಯರು ನವೆಂಬರಿನಲ್ಲಿ ಆ ಕಡೆಗೆ ಹೊರಟೆವು. ಕಲೋನ್‌ನಿಂದ ಫ್ರಾಂಕ್‌ಫರ್ಟ್‌ಗೆ 2002ರಲ್ಲಿ ತೆರೆದ ಅತಿವೇಗದ ಮಾರ್ಗವಿದ್ದು, ಅದರಲ್ಲಿ ಓಡುವ ಐಸಿಇ ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಆ ಮಾರ್ಗ ರೈನ್ ಕಣಿವೆಯನ್ನು ಬಿಟ್ಟು ಗುಡ್ಡಗಳ ಮೇಲೆ, ಸುರಂಗಗಳ ಒಳಗೆ ಸಾಗುವುದರಿಂದ ನದಿ ಕಣ್ಣಿಗೆ ಬೀಳುವುದಿಲ್ಲ. ಪಾಸಿರುವವರು ಕಲೋನ್‌ನಿಂದ ಕೋಬ್ಲೆನ್ಸ್, ಅಲ್ಲಿಂದ ಮೈನ್ಸ್ ಎಂದು ನದಿಯ ಎಡದಂಡೆಯ ಹಳೆಯ ಮಾರ್ಗದಲ್ಲಿ ಸುಮಾರು ಮೂರು ಗಂಟೆ ಹೋಗಬೇಕಾಗುತ್ತದೆ. ಕೋಬ್ಲೆನ್ಸ್‌ನಿಂದ ಬಿಂಗೆನ್‌ವರೆಗಿನ ಸುಮಾರು 65 ಕಿಲೋಮೀಟರ್ ಉದ್ದದ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಈ ದಾರಿಯಲ್ಲಿ ದಕ್ಷಿಣಕ್ಕೆ ಹೋಗುವವರು ರೈಲಿನ ಎಡಬದಿಯ ಕಿಟಕಿಯನ್ನೇ ಹಿಡಿಯಬೇಕು, ಏಕೆಂದರೆ ನದಿ ಆ ಬದಿಗೇ ಇರುತ್ತದೆ. ಕೋಬ್ಲೆನ್ಸ್ ಬಿಟ್ಟ ಮೇಲೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಕಡಿದಾದ ಇಳಿಜಾರಿನಲ್ಲಿ ಸಾಲುಸಾಲಾಗಿ ನೆಟ್ಟ ದ್ರಾಕ್ಷಿ ಬಳ್ಳಿಗಳು ನವೆಂಬರಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೆ ಪ್ರತಿ ತಿರುವಿಗೂ ಒಂದೊಂದು ಕೋಟೆ, ಕೆಳಗೆ ಕಲ್ಲಿದ್ದಲನ್ನೋ ಕಂಟೈನರುಗಳನ್ನೋ ಹೊತ್ತು ಪ್ರವಾಹಕ್ಕೆ ಎದುರಾಗಿ ತೆವಳುತ್ತಿರುವ ಉದ್ದನೆಯ ದೋಣಿಗಳು. ದಡದಲ್ಲಿ ಅಲ್ಲಲ್ಲಿ ನಿಲ್ಲಿಸಿರುವ ಫಲಕಗಳಲ್ಲಿ ಕೊನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಸಿದ ಕಿಲೋಮೀಟರುಗಳಿವೆ. ನಾವು ಮೇಲ್ಮುಖವಾಗಿ ಹೋಗುತ್ತಿದ್ದುದರಿಂದ ಆ ಸಂಖ್ಯೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಸಾಂಕ್ಟ್ ಗೋವರ್ ನಿಲ್ದಾಣ ದಾಟಿದೊಡನೆ ಎದುರು ದಡದಲ್ಲಿ 132 ಮೀಟರ್ ಎತ್ತರದ ಲೊರೆಲೈ ಬಂಡೆ ಬರುತ್ತದೆ. ಅದರ ಬೆನ್ನಿಗೇ ಸುರಂಗಗಳಿರುವುದರಿಂದ ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಅದು ಮರೆಯಾಗಿಬಿಡುತ್ತದೆ. ಸುರಂಗಗಳು ಮುಗಿದ ಮೇಲೆ ಕೌಬ್ ಊರಿನ ಎದುರಿಗೆ, ನದಿಯ ನಡುವಿನ ಬಂಡೆಯ ಮೇಲೆ ಹಡಗಿನ ಆಕಾರದಲ್ಲಿ ಕಟ್ಟಿರುವ ಬಿಳಿ ಕೋಟೆಯೊಂದು ಕಾಣಿಸುತ್ತದೆ. ಹಿಂದಿನ ಕಾಲದಲ್ಲಿ ಅಲ್ಲಿ ದೋಣಿಗಳನ್ನು ತಡೆದು ಸುಂಕ ವಸೂಲಿ ಮಾಡುತ್ತಿದ್ದರು. ನದಿಯ ಆ ಇಕ್ಕಟ್ಟನ್ನು ಕಣ್ಣಾರೆ ಕಂಡಾಗ ಸುಂಕದ ಕಟ್ಟೆಗೆ ಅದೇ ಜಾಗವನ್ನು ಏಕೆ ಆರಿಸಿದರು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ನನ್ನ ಪಕ್ಕದಲ್ಲಿ ಕುಳಿತಿದ್ದ, ಬಾಖರಾಖ್‌ನಲ್ಲಿ ಇಳಿಯಬೇಕಿದ್ದ ವೃದ್ಧೆಯೊಬ್ಬರು ನನ್ನ ಅರೆಬರೆ ಜರ್ಮನ್ ಭಾಷೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಯಾವ ಕೋಟೆ ಯಾವುದೆಂದು ಬೆರಳು ಮಾಡಿ ತೋರಿಸುತ್ತಾ ಬಂದರು. ಭಾಷಾ ತರಗತಿಯ ಪುಸ್ತಕದಿಂದ ಹೊರಗೆ ನಾನು ನಡೆಸಿದ ಮೊದಲ ದೀರ್ಘ ಸಂಭಾಷಣೆ ಅದೇ.

ಆಖೆನ್‌ನವರಿಗೆ ಇನ್ನೊಂದು ಅನುಕೂಲವಿದೆ. ಆರ್‌ಇ 4 ಎಂಬ ರೈಲು ಇಲ್ಲಿಂದ ನೇರವಾಗಿ ವುಪ್ಪರ್ಟಾಲ್‌ಗೆ ಹೋಗುತ್ತದೆ. ಅಲ್ಲಿ 1901ರಿಂದ ಓಡುತ್ತಿರುವ ತೂಗು ರೈಲು ಇದೆ. ಹಳಿ ಮೇಲಿದ್ದು ಬೋಗಿ ಅದರಿಂದ ಕೆಳಗೆ ಜೋತುಬಿದ್ದಿರುವ ಈ ರೈಲು ಒಟ್ಟು 13.3 ಕಿಲೋಮೀಟರ್ ಓಡುತ್ತದೆ, ಆ ದೂರದ ಬಹುಭಾಗ ವುಪ್ಪರ್ ನದಿಯ ಮೇಲೆಯೇ. ನಾನು ಓದುತ್ತಿರುವುದು ಯಂತ್ರಶಾಸ್ತ್ರವಾದ್ದರಿಂದ, ನದಿಯ ಎರಡೂ ದಡಗಳಲ್ಲಿ ಕಾಲೂರಿ ನಿಂತ ಉಕ್ಕಿನ ಕಮಾನುಗಳ ಸಾಲನ್ನು ಬೋಗಿಯ ಕೊನೆಯ ಕಿಟಕಿಯಿಂದ ನೋಡುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮತ್ತೆ ಹಿಂದಿರುಗಿದೆ. ತಿರುವುಗಳಲ್ಲಿ ಬೋಗಿ ಹೊರಕ್ಕೆ ತೂಗುವುದು ಮೊದಲ ಸಲ ಹತ್ತಿದವರಿಗೆ ಸ್ವಲ್ಪ ಭಯ ಹುಟ್ಟಿಸಬಹುದು, ಆದರೆ ಶಾಲೆಗೆ ಹೊರಟ ಮಕ್ಕಳು ಅದರ ಪರಿವೆಯೇ ಇಲ್ಲದೆ ನಿಂತಿರುತ್ತಾರೆ. ಸರ್ಕಸ್ ಕಂಪನಿಯೊಂದು 1950ರಲ್ಲಿ ಪ್ರಚಾರಕ್ಕಾಗಿ ಟುಫಿ ಎಂಬ ಆನೆಮರಿಯನ್ನು ಇದರಲ್ಲಿ ಹತ್ತಿಸಿದಾಗ ಅದು ಗಾಬರಿಯಿಂದ ನದಿಗೆ ಹಾರಿ ಬದುಕುಳಿದ ಸಂಗತಿಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಇಷ್ಟೆಲ್ಲಕ್ಕೂ ಪಾಸಿನ ಹೊರತು ಬೇರೆ ಟಿಕೆಟ್ ಬೇಕಿಲ್ಲ.

ದೇಶದ ಗಡಿಯನ್ನು ದಾಟುವ ಆಸೆಯಿರುವವರಿಗೆ ಲಕ್ಸೆಂಬರ್ಗ್ ದಾರಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಆ ಪುಟ್ಟ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮ್ ಮತ್ತು ಎರಡನೇ ದರ್ಜೆಯ ರೈಲು ಎಲ್ಲರಿಗೂ ಉಚಿತ. ಗಡಿಯವರೆಗೆ ನಮ್ಮ ಪಾಸು, ಗಡಿಯಿಂದಾಚೆ ಅವರ ಉಚಿತ ಸೇವೆ; ಹೀಗೆ ಒಂದು ಪೈಸೆಯನ್ನೂ ಹೆಚ್ಚುವರಿಯಾಗಿ ಕೊಡದೆ ಇನ್ನೊಂದು ದೇಶದ ರಾಜಧಾನಿಯನ್ನು ನೋಡಿಬರಬಹುದು. ಕೋಬ್ಲೆನ್ಸ್‌ನಿಂದ ಮೋಸೆಲ್ ನದಿಯ ಜೊತೆಗೆ ಸಾಗುವ ಮಾರ್ಗದಲ್ಲಿ ಕೋಖೆಮ್ ಬಳಿ 4.2 ಕಿಲೋಮೀಟರ್ ಉದ್ದದ ಸುರಂಗವೊಂದಿದೆ, ಮುಂದೆ ರೋಮನ್ನರ ಕಾಲದ ಕಪ್ಪಾದ ಕಲ್ಲಿನ ಹೆಬ್ಬಾಗಿಲಿಗೆ ಹೆಸರಾದ ಟ್ರಿಯರ್ ನಗರವಿದೆ. ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿಯ ಕಾರ್ಡನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಲೇಬಾರದು. ಯುರೋಪಿನ ಹಲವು ದೇಶಗಳು ಸೇರಿರುವ ಷೆಂಗೆನ್ ವಲಯದೊಳಗೆ ಗಡಿ ತಪಾಸಣೆ ಇರುವುದಿಲ್ಲ ಎಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಜರ್ಮನಿಯು 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿದೆ. ನಾವು ಹಿಂದಿರುಗುವಾಗ ಪೊಲೀಸರು ಬೋಗಿಗೆ ಬಂದು ದಾಖಲೆಗಳನ್ನು ಕೇಳಿದರು. ಎಲ್ಲವೂ ಕೈಯಲ್ಲೇ ಇದ್ದುದರಿಂದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನಗರದ ಮುಖ್ಯ ನಿಲ್ದಾಣದವರೆಗೂ ಈ ಪಾಸು ನಡೆಯುತ್ತದೆ. ಹ್ಯಾಂಬರ್ಗ್‌ನಲ್ಲಿ ಇದು ದೋಣಿಗೂ ಅನ್ವಯಿಸುತ್ತದೆ. ಲಾಂಡುಂಗ್ಸ್‌ಬ್ರ್ಯೂಕನ್ ಕಟ್ಟೆಯಿಂದ ಫಿಂಕನ್‌ವೆರ್ಡರ್‌ಗೆ ಹೋಗುವ 62ನೇ ಸಂಖ್ಯೆಯ ದೋಣಿ ನಗರ ಸಾರಿಗೆಯ ಭಾಗವಾಗಿದ್ದು, ಪ್ರವಾಸಿಗರು ಹಣ ತೆತ್ತು ನೋಡುವ ಬಂದರನ್ನೂ ಕಂಟೈನರ್ ಹಡಗುಗಳನ್ನೂ ಅದರ ಮೇಲಟ್ಟದಲ್ಲಿ ನಿಂತು ನೋಡಬಹುದು. ಗಾಳಿ ಬಹಳ ಇರುತ್ತದೆ, ಟೊಪ್ಪಿಗೆ ಕಟ್ಟಿಕೊಳ್ಳಬೇಕು.

ದೂರ ಹೆಚ್ಚಿದಂತೆ ಈ ಪಾಸಿನ ಉಪಯೋಗ ಕುಗ್ಗುತ್ತದೆ ಎಂಬುದನ್ನೂ ಹೇಳಬೇಕು. ಆಖೆನ್‌ನಿಂದ ಬರ್ಲಿನ್‌ಗೆ ಪ್ರಾದೇಶಿಕ ರೈಲುಗಳಲ್ಲೇ ಹೋಗಲು ಹನೋವರ್, ಬ್ರೌನ್‌ಶ್ವೈಗ್, ಮಾಗ್ಡೆಬರ್ಗ್ ಎಂದು ಮತ್ತೆ ಮತ್ತೆ ರೈಲು ಬದಲಿಸುತ್ತಾ ಹತ್ತು ಗಂಟೆಯ ಆಸುಪಾಸು ಕುಳಿತಿರಬೇಕು, ಅದೂ ನಡುವೆ ಹಿಡಿಯಬೇಕಾದ ಯಾವ ರೈಲೂ ತಪ್ಪದಿದ್ದರೆ. ಅಂತಹ ದೂರಕ್ಕೆ ಮುಂಗಡವಾಗಿ ಕಾದಿರಿಸಿದ ವೇಗದ ರೈಲಿನ ಟಿಕೆಟ್ಟೇ ಲೇಸು. ನಾಲ್ಕು ಗಂಟೆಯೊಳಗಿನ ಪ್ರಯಾಣ, ಎರಡಕ್ಕಿಂತ ಹೆಚ್ಚಿಲ್ಲದ ಬದಲಾವಣೆ, ಪ್ರತಿ ಬದಲಾವಣೆಯ ನಡುವೆ ಕನಿಷ್ಠ ಹದಿನೈದು ನಿಮಿಷ ಎಂಬ ಕ್ರಮವನ್ನು ನಾನು ಪಾಲಿಸುತ್ತೇನೆ. ರೈಲ್ವೆಯ ಆ್ಯಪ್‌ನಲ್ಲಿ ಸ್ಥಳೀಯ ಸಾರಿಗೆಯನ್ನು ಮಾತ್ರ ತೋರಿಸುವಂತೆ ಆಯ್ಕೆ ಮಾಡಿಕೊಂಡರೆ ಪಾಸು ನಡೆಯುವ ರೈಲುಗಳೇ ಕಾಣಿಸುತ್ತವೆ.

ಇನ್ನು ದೋಷಗಳು. ವಿಳಂಬ ಮತ್ತು ರದ್ದತಿ ಇಲ್ಲಿ ಅಪರೂಪದ ಸಂಗತಿಗಳಲ್ಲ. ಜರ್ಮನಿಯ ರೈಲುಗಳು ಗಡಿಯಾರಕ್ಕೆ ಸರಿಯಾಗಿ ಓಡುತ್ತವೆ ಎಂಬ, ನಾವೆಲ್ಲ ಊರಿನಲ್ಲಿ ಕೇಳಿ ಬೆಳೆದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿಯೇ ಹೊರಡಬೇಕು. ಚಳಿಗಾಲದ ಒಂದು ಭಾನುವಾರ ರಾತ್ರಿ, ಸಣ್ಣ ಜಂಕ್ಷನ್ ಒಂದರಲ್ಲಿ ನಾವು ಹಿಡಿಯಬೇಕಿದ್ದ ಕೊನೆಯ ರೈಲು ರದ್ದಾಯಿತು. ಧ್ವನಿವರ್ಧಕದಲ್ಲಿ ಬದಲಿ ಬಸ್ಸಿನ ಪ್ರಕಟಣೆ ಒಂದೇ ಸಲ, ಜರ್ಮನ್ ಭಾಷೆಯಲ್ಲಿ ಮಾತ್ರ ಬಂದಿತು. ನಿಲ್ದಾಣದ ಕಚೇರಿ ಮುಚ್ಚಿತ್ತು, ವಿಚಾರಿಸಲು ಒಬ್ಬ ಸಿಬ್ಬಂದಿಯೂ ಇರಲಿಲ್ಲ. ಮುಂಬಾಗಿಲಿನ ಎದುರಿನ ಬಸ್ ನಿಲ್ದಾಣದಲ್ಲಿ ಹತ್ತಾರು ಜನ ಮಂಜಿನಲ್ಲಿ ನಿಂತು ಕಾದೆವು. ಆಸ್ಪತ್ರೆಯ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನರ್ಸ್ ಒಬ್ಬರು, ಬದಲಿ ಬಸ್ಸು ಇಲ್ಲಿಗೆ ಬರುವುದೇ ಇಲ್ಲ, ಹಳಿಯ ಆಚೆ ಬದಿಯ ರಸ್ತೆಯಲ್ಲಿ ನಿಲ್ಲುತ್ತದೆ ಎಂದು ಹೇಳಿ, ಎಲ್ಲರನ್ನೂ ಸುರಂಗ ದಾರಿಯ ಮೂಲಕ ಕರೆದುಕೊಂಡು ಹೋದರು. ಅವರಿಲ್ಲದಿದ್ದರೆ ಆ ರಾತ್ರಿ ಅಲ್ಲೇ ಕಳೆಯಬೇಕಿತ್ತು. ಬದಲಿ ಬಸ್ಸಿನ ನಿಲುಗಡೆ ಎಲ್ಲಿದೆ ಎಂಬುದನ್ನು ಪ್ಲಾಟ್‌ಫಾರಂನಲ್ಲೇ ದೊಡ್ಡ ಅಕ್ಷರಗಳಲ್ಲಿ, ಒಂದೆರಡು ಭಾಷೆಗಳಲ್ಲಿ ಬರೆದು ಹಾಕುವುದು ಕಷ್ಟದ ಕೆಲಸವಲ್ಲ. ಭಾಷೆ ಬಾರದ ಪ್ರಯಾಣಿಕರು ಸಾವಿರಗಟ್ಟಲೆ ಇರುವ ದೇಶದಲ್ಲಿ ಇದನ್ನು ಮಾಡದಿರುವುದು ನನಗೆ ಸರಿಯೆನಿಸುವುದಿಲ್ಲ.

ಇಂತಹ ಸಂದರ್ಭದಲ್ಲಿ ನಮ್ಮ ಹಕ್ಕುಗಳೂ ಸೀಮಿತ. ಮಾಮೂಲು ಟಿಕೆಟ್ ಕೊಂಡ ಪ್ರಯಾಣಿಕರು ಗಮ್ಯಸ್ಥಾನಕ್ಕೆ ಕನಿಷ್ಠ 20 ನಿಮಿಷ ತಡವಾಗುವಂತಿದ್ದರೆ ವೇಗದ ರೈಲು ಹತ್ತಿ, ಆ ಖರ್ಚನ್ನು ಆಮೇಲೆ ಮರಳಿ ಕೇಳಬಹುದು. ಡಾಯ್ಚ್‌ಲಾಂಡ್ ಟಿಕೆಟ್ ಬಹಳ ರಿಯಾಯಿತಿ ಪಡೆದ ಟಿಕೆಟ್ ಎಂಬ ಕಾರಣಕ್ಕೆ ಈ ಅವಕಾಶದಿಂದ ಹೊರಗಿದೆ. ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಸಿಗುವ ಪರಿಹಾರ ಪ್ರತಿ ಸಲಕ್ಕೆ 1.50 ಯೂರೊ, ಅದರಲ್ಲೂ ಒಟ್ಟು ಮೊತ್ತ 4 ಯೂರೊಗಿಂತ ಕಡಿಮೆಯಿದ್ದರೆ ಕೊಡುವುದಿಲ್ಲ. ಅಂದರೆ ಮೂರು ಸಲದ ವಿಳಂಬವನ್ನು ಸೇರಿಸಿ ಅರ್ಜಿ ಹಾಕಬೇಕು. ಆದ್ದರಿಂದ ವಿಮಾನ ಹಿಡಿಯುವ ದಿನ, ಪರೀಕ್ಷೆಯ ದಿನ, ಕೆಲಸದ ಸಂದರ್ಶನದ ದಿನ ಈ ಪಾಸನ್ನು ನೆಚ್ಚಿಕೊಂಡು ದೂರದ ಊರಿನಿಂದ ಹೊರಡುವುದು ಬೇಡ ಎಂದು ನಾನು ಒತ್ತಿ ಹೇಳುತ್ತೇನೆ.

ಪಾಸು ಮೊಬೈಲಿನಲ್ಲೇ ಇರುತ್ತದೆ. ಪರೀಕ್ಷಕರು ಕೋಡನ್ನು ಸ್ಕ್ಯಾನ್ ಮಾಡಿ, ಹೆಸರನ್ನು ಭಾವಚಿತ್ರವಿರುವ ಗುರುತಿನ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೊ. ಬ್ಯಾಟರಿ ಮುಗಿದು ಪಾಸು ತೋರಿಸಲಾಗದಿದ್ದವರು ಆಮೇಲೆ ದಾಖಲೆ ಒದಗಿಸಿದರೆ ದಂಡ ಬಹುಮಟ್ಟಿಗೆ ಇಳಿಯುತ್ತದಾದರೂ ಪತ್ರ ವ್ಯವಹಾರದ ತೊಂದರೆ ತಪ್ಪಿದ್ದಲ್ಲ. ಪವರ್ ಬ್ಯಾಂಕ್ ಇಲ್ಲದೆ ನಾನು ದೂರದ ಪ್ರಯಾಣಕ್ಕೆ ಹೊರಡುವುದಿಲ್ಲ. ಇದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಕೆಲವು ಪ್ರಾದೇಶಿಕ ರೈಲುಗಳು ನಡುದಾರಿಯ ನಿಲ್ದಾಣದಲ್ಲಿ ಎರಡಾಗಿ ಬೇರ್ಪಟ್ಟು, ಮುಂದಿನ ಬೋಗಿಗಳು ಒಂದು ಊರಿಗೂ ಹಿಂದಿನವು ಇನ್ನೊಂದು ಊರಿಗೂ ಹೋಗುತ್ತವೆ. ಲಕ್ಸೆಂಬರ್ಗ್‌ಗೆ ಹೋಗುವ ರೈಲು ಟ್ರಿಯರ್‌ನಲ್ಲಿ ಹೀಗೆ ಬೇರೆಯಾಗುತ್ತದೆ. ಬೋಗಿಯ ಹೊರಗೆ ಮತ್ತು ಒಳಗೆ ತೋರಿಸುವ ಊರಿನ ಹೆಸರನ್ನು ಓದಿಕೊಂಡೇ ಕೂರಬೇಕು.

ಶನಿವಾರ ಬೆಳಿಗ್ಗೆ ಮತ್ತು ಭಾನುವಾರ ಸಂಜೆಯ ರೈಲುಗಳು ಕಿಕ್ಕಿರಿದಿರುತ್ತವೆ, ಆಸನ ಕಾದಿರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಸೈಕಲ್ ಒಯ್ಯಲು ಪ್ರತ್ಯೇಕ ಟಿಕೆಟ್ ಬೇಕು. ಸಾಧ್ಯವಿರುವವರು ತರಗತಿಯಿಲ್ಲದ ವಾರದ ದಿನವನ್ನು ಆರಿಸಿಕೊಳ್ಳುವುದು ಉತ್ತಮ. ಬೆಳಿಗ್ಗೆ ಕಚೇರಿಗೆ ಹೋಗುವವರ ಗದ್ದಲ ಕಳೆದ ಮೇಲೆ, ಒಂಬತ್ತರ ನಂತರ, ಇಡೀ ಬೋಗಿಯೇ ನಮ್ಮದಾಗಿರುವುದುಂಟು. ಅಂತಹ ಪ್ರಯಾಣಗಳಲ್ಲಿ ಮೇಜಿರುವ ಆಸನ ಹಿಡಿದು ನಾನು ಓದಿನ ಕೆಲಸವನ್ನೂ ಮಾಡಿದ್ದೇನೆ, ಚಿತ್ರಾನ್ನದ ಡಬ್ಬಿ ಬಿಚ್ಚಿ ಊಟವನ್ನೂ ಮುಗಿಸಿದ್ದೇನೆ.

ಇಷ್ಟು ದೋಷಗಳನ್ನು ಲೆಕ್ಕಕ್ಕೆ ಹಿಡಿದೂ ಈ ಪಾಸಿಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ರದ್ದಾದ ರೈಲಿನ ಪ್ರಯಾಣಿಕರನ್ನು ನಡೆಸಿಕೊಳ್ಳುವ ರೀತಿಗೆ ಒಂದು ಅಂಕ ಕಳೆದಿದ್ದೇನೆ. ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಗೂ ಒಂದು ದೇಶವನ್ನು ಪೂರ್ತಿಯಾಗಿ ನೋಡುವ ಅವಕಾಶವನ್ನು ಇಷ್ಟು ಘನತೆಯಿಂದ ಕೊಡುವ ಸೇವೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾರಾಂತ್ಯಗಳನ್ನು ಹಾಸ್ಟೆಲ್ ಕೋಣೆಯಲ್ಲೇ ಕಳೆಯುತ್ತಿರುವ ಹೊಸ ವಿದ್ಯಾರ್ಥಿಗಳಿಗೆ, ಪಾಸಿನ ಹಣವನ್ನು ನೀವು ಈಗಾಗಲೇ ಕಟ್ಟಿದ್ದೀರಿ, ಹೊರಡಿ ಎಂದು ನಾನು ಸಿಕ್ಕಾಗಲೆಲ್ಲ ಹೇಳುತ್ತಿರುತ್ತೇನೆ.

ಸೆಮೆಸ್ಟರ್ ಬದಲಾಗುವ ದಿನಗಳ ಬಗ್ಗೆ ಒಂದು ಎಚ್ಚರಿಕೆ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮೆಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಮುಂದಿನ ಸೆಮೆಸ್ಟರಿನ ಶುಲ್ಕವನ್ನು ಗಡುವಿನೊಳಗೆ ಕಟ್ಟಿ ಮರುನೋಂದಣಿ ಪೂರೈಸಿದವರು ಕೂಡ ಹೊಸ ಪಾಸನ್ನು ಮೊಬೈಲಿಗೆ ಇಳಿಸಿಕೊಂಡಿರಬೇಕು. ಹಳೆಯ ಕೋಡು ಮಾರ್ಚ್ 31ರ ಮಧ್ಯರಾತ್ರಿಗೆ ಮುಗಿಯುವುದರಿಂದ, ಏಪ್ರಿಲ್ 1ರ ಮುಂಜಾನೆ ರೈಲು ಹತ್ತುವವರು ಹಿಂದಿನ ಸಂಜೆಯೇ, ಮನೆಯ ವೈಫೈ ಇರುವಾಗ, ಆ ಕೆಲಸವನ್ನು ಮುಗಿಸಿಟ್ಟುಕೊಳ್ಳಬೇಕು.